ಅಕ್ಕನ ಈಮೇಲ್ ಯಾವ ಊರಿನದು

ಅವ್ವ ಆಪರೇಷನ್ ಬೇಡವೆಂದು ಹಟ ಹಿಡಿದು ಕೂತಾಗ ನಾನು ಕಲಬುರಗಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸೂಪರ್ ಮಾರ್ಕೆಟ್ ಹತ್ತಿರದ ಹಳೆಯ ಕಟ್ಟಡ, ಕೆಳಗೆ ಬಟ್ಟೆ ಅಂಗಡಿ, ಮಹಡಿಯ ಮೇಲೆ ನಾವು. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನದ ಮೇಲೆ ಅದೇ ಕಂಪ್ಯೂಟರುಗಳಲ್ಲಿ ಇಂಟರ್ನೆಟ್. ಪರೀಕ್ಷೆಯ ರಿಸಲ್ಟ್ ಬರುವ ದಿನ ಮೆಟ್ಟಿಲ ತುಂಬ ಚಪ್ಪಲಿಗಳೇ ಇರುತ್ತಿದ್ದವು. ದಿನಾಲೂ ಕಮಲಾಪುರದಿಂದ ಬಸ್ಸಿಗೆ ಬಂದು, ಸಂಜೆ ಅದೇ ದಾರಿಯಲ್ಲಿ ಮರಳುತ್ತಿದ್ದೆ.

ಅವ್ವನ ಗರ್ಭಚೀಲದಲ್ಲಿ ಗಡ್ಡೆ ಬೆಳೆದಿತ್ತು. ತೆಗೆಯಲೇಬೇಕು, ತಡ ಮಾಡಿದಷ್ಟೂ ಜೀವಕ್ಕೆ ಅಪಾಯ ಎಂದು ಕಲಬುರಗಿಯ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ಅವ್ವ ಅವರ ಮುಂದೆ ಹೂಂ ಎಂದು ತಲೆ ಅಲ್ಲಾಡಿಸಿ, ಮನೆಗೆ ಬಂದು ಬೇರೆಯೇ ಮಾತು ತೆಗೆದಳು.

"ಹಿರೇ ಮಗಳ ಮಾರಿ ನೋಡೂತನ ನಾ ಆ ಟೇಬಲ್ ಮ್ಯಾಲ ಮಲಗಂಗಿಲ್ಲ. ಮಲಗಿದಾಕಿ ಏಳಲಿಲ್ಲ ಅಂದ್ರ?"

ಅಪ್ಪ ಅಲ್ಲೇ ಇದ್ದ. ಎದ್ದು ತೋಟಕ್ಕೆ ಹೋದ. ಹಿರಿಯ ಮಗಳ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಬಾರದು ಎಂದು ಕಟ್ಟಪ್ಪಣೆ ಮಾಡಿದವನು ಅವನೇ. ಕೆಲವು ವರ್ಷಗಳ ಹಿಂದೆ ಅಕ್ಕ ಕಪನೂರಿನ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನನ್ನು ಮೆಚ್ಚಿದ್ದಳು. ಬೇರೆ ಜಾತಿಯವನು. ಬೀದರ್ ಕಡೆಯವನು, ತಂದೆ ತಾಯಿ ಇಲ್ಲ ಎಂಬುದಷ್ಟೇ ನಮಗೆ ಗೊತ್ತಿತ್ತು. ಅಪ್ಪ ಕೂಗಾಡಿದ, ಅಕ್ಕ ಒಂದು ಮಧ್ಯಾಹ್ನ ಕಲಬುರಗಿಗೆ ಹೋಗಿ ಬರುತ್ತೇನೆಂದು ಹೋದವಳು ತಿರುಗಿ ಬರಲಿಲ್ಲ. ಆಮೇಲೆ ಅವನೂ ವರ್ಕ್‌ಶಾಪ್ ಬಿಟ್ಟನೆಂದು ತಿಳಿಯಿತು. ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಸಿಟ್ಟು ಹೊಲದ ಹಾಗೆ ತಲೆಮಾರಿನಿಂದ ಬಂದದ್ದು. ಅಪ್ಪನಿಂದ ಅಕ್ಕನಿಗೂ ನನಗೂ ಸರಿಯಾಗಿಯೇ ಪಾಲು ಸಿಕ್ಕಿದೆ.

ಅವ್ವನ ಹಟಕ್ಕೆ ಗೊಬ್ಬರ ಹಾಕಿದ್ದು ನಾನೇ. ಕೆಲವು ತಿಂಗಳ ಹಿಂದೆ ನಮ್ಮ ಸೆಂಟರಿನಲ್ಲೇ ಕಲಿಯುವ ನಮ್ಮೂರಿನ ಒಬ್ಬಳು ತುಳಜಾಪುರಕ್ಕೆ ದೇವಿಯ ದರ್ಶನಕ್ಕೆ ಹೋದಾಗ ಅಲ್ಲಿನ ಗದ್ದಲದಲ್ಲಿ ಅಕ್ಕನನ್ನು ಕಂಡಿದ್ದಳು. ಅಕ್ಕ ತಾನಿರುವ ಊರು ಹೇಳಲಿಲ್ಲವಂತೆ. ನಾನು ಕಂಪ್ಯೂಟರ್ ಕಲಿಸುತ್ತೇನೆಂದು ಕೇಳಿ ನಕ್ಕು, ನನ್ನ ಈಮೇಲ್ ವಿಳಾಸ ಕೇಳಿ ಪಡೆದಳಂತೆ. ಸ್ವಲ್ಪ ದಿನಕ್ಕೆ ಈಮೇಲ್ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಅವ್ವ ಹ್ಯಾಂಗಿದ್ದಾಳ, ನಾ ಆರಾಮ ಇದ್ದೀನಿ, ಅಪ್ಪಗ ಹೇಳಬ್ಯಾಡ. ಅಷ್ಟೇ. ನಾನು ಅದನ್ನು ಮತ್ತೆ ಮತ್ತೆ ಓದಿ, ಕ್ಲಾಸಿನ ಹುಡುಗಿಯರ ಮುಂದೆಯೇ ಅತ್ತೆ. ಆ ಸಂಜೆ ಅಡುಗೆಮನೆಯಲ್ಲಿ ಅವ್ವನ ಕಿವಿಯಲ್ಲಿ ಹೇಳಿದೆ. ಅವಳು ಸುಡುವ ರೊಟ್ಟಿಯನ್ನು ಮರೆತು ನಿಂತಳು.

ನಾನು ಕೂಡಲೇ ಉತ್ತರ ಬರೆದಿದ್ದೆ. ಮತ್ತೊಂದು ಬರೆದೆ. ಅವ್ವನ ಕಾಯಿಲೆಯ ವಿಷಯ ಬರೆದೆ. ಆಪರೇಷನ್ ಎಂದು ಬರೆದೆ. ಒಂದಕ್ಕೂ ಜವಾಬು ಬರಲಿಲ್ಲ. ಅವ್ವ ಮಾತ್ರ ನಾನು ಬಸ್ಸಿಳಿದು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತು, "ಬಂತೇನು?" ಎಂದು ಕೇಳುತ್ತಿದ್ದಳು. ಅವಳ ಸೀರೆ ದಿನದಿಂದ ದಿನಕ್ಕೆ ಸಡಿಲವಾಗುತ್ತಿತ್ತು. ಡಾಕ್ಟರಮ್ಮ ಬೈದು ಬೈದು ಸುಸ್ತಾಗಿದ್ದರು.

ಆಗ ನನಗೆ ಹೊಳೆದದ್ದು ಈಮೇಲಿನ ಬೆನ್ನು. ಅಂಚೆಯ ಲಕೋಟೆಯ ಮೇಲೆ ಮುದ್ರೆ ಬೀಳುವಂತೆ ಈಮೇಲಿಗೂ ತಾನು ಹೊರಟ ಜಾಗದ ಗುರುತು ಅಂಟಿರುತ್ತದೆ. ಸಾಮಾನ್ಯವಾಗಿ ಅದು ಕಾಣುವುದಿಲ್ಲ, ತೋರಿಸು ಎಂದು ಕೇಳಿದರೆ ತೋರಿಸುತ್ತದೆ. ಕೇಳಿದೆ. ಸಾಲು ಸಾಲು ಅರ್ಥವಾಗದ ಬರಹದ ನಡುವೆ, ಚುಕ್ಕೆಯಿಂದ ಬೇರ್ಪಡಿಸಿದ ನಾಲ್ಕು ಸಂಖ್ಯೆಗಳ ಒಂದು ಐಪಿ ವಿಳಾಸವಿತ್ತು. ಅಕ್ಕ ಕೂತು ಬರೆದ ಕಂಪ್ಯೂಟರ್ ಆ ವಿಳಾಸದ ಹಿಂದೆ ಇತ್ತು. ಇಂಥ ವಿಳಾಸಗಳನ್ನು ಯಾರಿಗೆ ಹಂಚಲಾಗಿದೆ ಎಂದು ತೋರಿಸುವ ದಾಖಲೆಯ ಪುಟವೊಂದು ಇಂಟರ್ನೆಟ್ಟಿನಲ್ಲಿ ಇದೆ ಎಂದು ನನಗೆ ಗೊತ್ತಿತ್ತು. ಅಲ್ಲಿ ಹಾಕಿ ನೋಡಿದೆ. ಹೈದರಾಬಾದಿನ ಒಂದು ಕಂಪನಿಯ ಹೆಸರು, ಬೀದಿ, ಫೋನು ಎಲ್ಲ ಬಂತು.

ಇನ್ನು ಅಪ್ಪನಿಗೆ ಹೇಳದೆ ದಾರಿಯಿರಲಿಲ್ಲ. ಹೆದರಿಕೊಂಡೇ ಹೇಳಿದೆ. ಅವನು ನೆಲ ನೋಡುತ್ತ ಕೇಳಿಸಿಕೊಂಡ.

"ಕಾಗದದ ಮ್ಯಾಲ ಹೈದರಾಬಾದ್ ಅಂತ ಅದ?"

"ಹೌದಪ್ಪ. ಅಡ್ರೆಸ್ ಸುದ್ದಾ ಅದ."

ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ. ದೊಡ್ಡ ರೋಗಕ್ಕೆ ಹೈದರಾಬಾದ್, ಮದುವೆಯ ಸೀರೆಗೆ ಹೈದರಾಬಾದ್, ಅಜ್ಜನ ಕಾಲದಲ್ಲಿ ಕೋರ್ಟು ಕಚೇರಿಗೂ ಹೈದರಾಬಾದ್. ಊರು ಬಿಟ್ಟು ಓಡಿಹೋದವರು ಅಲ್ಲಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತಾರೆ? ಮರುದಿನ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಟೋಪಿ ಹಾಕಿಕೊಂಡು, "ನಡಿ" ಎಂದ. ಅಷ್ಟು ವರ್ಷ ಹೆಸರೆತ್ತಬಾರದೆಂದವನು ನನಗಿಂತ ಮುಂಚೆ ಬಸ್ಸು ಹತ್ತಿ ಕಿಟಕಿ ಹಿಡಿದು ಕೂತ. ಅವ್ವ ಬುತ್ತಿಯಲ್ಲಿ ಮೂವರಿಗಾಗುವಷ್ಟು ರೊಟ್ಟಿ ಕಟ್ಟಿದ್ದಳು.

ಆ ಕಂಪನಿಯ ಆಫೀಸು ಗಾಜಿನ ಬಾಗಿಲಿನ ಕಟ್ಟಡದಲ್ಲಿತ್ತು. ನಮ್ಮನ್ನು ಒಳಗೆ ಬಿಡುವುದೋ ಬೇಡವೋ ಎಂದು ಬಾಗಿಲಲ್ಲೇ ಒಂದು ಚರ್ಚೆಯಾಯಿತು. ಅಪ್ಪ ಚಿಕ್ಕಂದಿನಲ್ಲಿ ಉರ್ದು ಶಾಲೆಗೆ ಹೋದವನು, ಅವನ ಉರ್ದು ಕೇಳಿ ಬಿಟ್ಟರು. ಒಳಗೊಬ್ಬ ಕನ್ನಡಕದವರು ನನ್ನ ಕೈಯಲ್ಲಿದ್ದ ವಿಳಾಸ ನೋಡಿ, ಕಂಪ್ಯೂಟರಿನಲ್ಲಿ ಏನೋ ಹುಡುಕಿ, ಅಪ್ಪನ ಕಡೆ ತಿರುಗಿದರು.

"ಚಾಚಾ, ನಂಬರಾಂ ಹಮಾರೇಚ್ ಹೈಂ. ಮಗರ್ ಹಮ್ ನಹೀಂ ಚಲಾತೇ. ದೂಸ್ರೋಂಕು ದಿಯೇ ಸೋ ಹೈಂ."

ನಂಬರು ನಮ್ಮವೇ, ಆದರೆ ನಡೆಸುವವರು ನಾವಲ್ಲ, ಬೇರೆಯವರಿಗೆ ಕೊಟ್ಟಿದ್ದೇವೆ. ಯಾರಿಗೆ ಎಂದು ಕೇಳಿದರೆ ಹೇಳುವಂತಿಲ್ಲವೆಂದು ಕೈ ಜೋಡಿಸಿದರು. ಅಪ್ಪನಿಗೆ ಇದು ಸಾಗಹಾಕುವ ಮಾತಾಗಿ ಕೇಳಿಸಿತು. ನನಗೂ ಹಾಗೆಯೇ ಅನಿಸಿತು. ಮಗಳನ್ನು ಹುಡುಕಿಕೊಂಡು ಬಂದವರನ್ನು ಹೀಗೂ ಕಳಿಸುತ್ತಾರೆಯೇ ಎಂದು ಅಪ್ಪ ಅದೇ ಅಚ್ಚುಕಟ್ಟು ಉರ್ದುವಿನಲ್ಲಿ ಬೈದು ಹೊರಬಿದ್ದ. ಆ ದೊಡ್ಡ ಊರಿನ ಬಸ್ ಸ್ಟ್ಯಾಂಡಿನಲ್ಲಿ ಅವನು ಬರುವ ಹೋಗುವ ಹೆಂಗಸರ ಮುಖ ನೋಡುತ್ತ ನಿಂತದ್ದನ್ನು ನಾನು ನೋಡದ ಹಾಗೆ ಇದ್ದೆ. ಮೂರನೆಯವರ ರೊಟ್ಟಿ ಹಾಗೇ ಮನೆಗೆ ಮರಳಿತು. ಅವ್ವ ಬುತ್ತಿ ಬಿಚ್ಚಿ ನೋಡಿ, ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಸೋತವರಿಗೆ ನಾಚಿಕೆ ಇರುವುದಿಲ್ಲ. ನೆಟ್‌ವರ್ಕ್ ಕೆಲಸ ಮಾಡುವವರು ತಮ್ಮ ತಮ್ಮೊಳಗೆ ತಕರಾರು ಚರ್ಚಿಸುವ ಒಂದು ಗುಂಪು ಇಂಟರ್ನೆಟ್ಟಿನಲ್ಲಿತ್ತು. ನನಗೆ ಅಲ್ಲೇನೂ ಕೆಲಸವಿರಲಿಲ್ಲ, ಅವರ ಮಾತಿನಲ್ಲಿ ಮುಕ್ಕಾಲು ಪಾಲು ತಿಳಿಯುತ್ತಲೂ ಇರಲಿಲ್ಲ. ನನ್ನ ಮುರುಕು ಇಂಗ್ಲಿಷಿನಲ್ಲಿ ಎಲ್ಲ ಬರೆದೆ: ಅಕ್ಕ, ಅವ್ವ, ಗಡ್ಡೆ, ಹೈದರಾಬಾದು. ವಿಳಾಸವನ್ನೂ ಈಮೇಲ್ ಬಂದ ತಾರೀಖನ್ನೂ ಹಾಕಿದೆ. ಇಂಥ ವಿಷಯ ಇಲ್ಲಿ ತರಬಾರದು ಎಂದು ಒಬ್ಬರು ಗದರಿದರು. ನನಗೆ ಸಿಟ್ಟು ಬಂತು. ತಿರುಗಿ ಏನಾದರೂ ಬರೆಯಬೇಕೆಂದು ಕೂತಿದ್ದೆ. ಅಷ್ಟರಲ್ಲಿ ಇನ್ನೊಬ್ಬರು ನನಗೇ ನೇರವಾಗಿ ಬರೆದರು. ಅವರು ಯಾವ ಊರಿನವರೆಂದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಅವರು ಬರೆದದ್ದರ ಸಾರ ಇಷ್ಟು. ನೀವು ನೋಡಿದ್ದು ಆ ವಿಳಾಸಗಳು ಯಾರ ಹೆಸರಿನಲ್ಲಿವೆ ಎಂಬುದನ್ನು. ನಿಮಗೆ ಬೇಕಾದದ್ದು ಅವನ್ನು ಯಾರು ಸಾರುತ್ತಿದ್ದಾರೆ ಎಂಬುದು. ಇಂಟರ್ನೆಟ್ ಎಂದರೆ ಒಂದೇ ಜಾಲವಲ್ಲ, ಒಂದಕ್ಕೊಂದು ಕೂಡಿಕೊಂಡ ಬಹಳಷ್ಟು ಜಾಲಗಳು. ಇಂಥಿಂಥ ವಿಳಾಸಗಳಿಗೆ ಹೋಗಬೇಕಾದವರು ನನ್ನ ಕಡೆ ಬನ್ನಿ ಎಂದು ಪ್ರತಿಯೊಂದು ಜಾಲವೂ ಉಳಿದವಕ್ಕೆ ಸದಾ ಸಾರುತ್ತಿರುತ್ತದೆ. ಪತ್ರಗಳು ಹೋಗುವುದೂ ಬರುವುದೂ ಹಾಗೆ ಸಾರುವವರ ಮನೆ ಬಾಗಿಲಿನಿಂದ, ದಾಖಲೆಯಲ್ಲಿ ಹೆಸರಿರುವವರ ಬಾಗಿಲಿನಿಂದಲ್ಲ. ಸಾರುವವರು ಯಾರೆಂದು ತೋರಿಸುವ ಪುಟ ಬೇರೆಯೇ ಇದೆ, ನೀವೇ ಹಾಕಿ ನೋಡಿ ಎಂದು ಅದರ ವಿಳಾಸ ಕೊಟ್ಟಿದ್ದರು.

ಓದುತ್ತ ಓದುತ್ತ ನಾನು ಹಣೆ ಬಡಿದುಕೊಂಡೆ. ನಮ್ಮ ತೋಟದ ಕಥೆಯೇ ಅಲ್ಲವೇ ಇದು! ಅಜ್ಜನ ಕಾಲದಲ್ಲಿ ನಮ್ಮ ಕೆಂಪು ಬಾಳೆಯ ತೋಟದ ಪಟ್ಟಾ ಹೈದರಾಬಾದಿನ ಯಾವುದೋ ಮನೆತನದ ಹೆಸರಿನಲ್ಲಿತ್ತು. ಅವರು ಅದನ್ನು ಕಣ್ಣಿನಿಂದ ನೋಡಿದವರೂ ಅಲ್ಲ. ಲಾವಣಿ ಹಾಕಿಕೊಂಡು, ಅಂದರೆ ಗೇಣಿಗೆ ಹಿಡಿದು, ಮಾಡುತ್ತಿದ್ದವರು ನಾವು. ಕಮಲಾಪುರದಲ್ಲಿ ಯಾರಾದರೂ ಹೊಲದ ವಿಷಯ ತಿಳಿಯಬೇಕಾದರೆ, "ಯಾರ ಮಾಡ್ಯಾರ?" ಎಂದೇ ಕೇಳುತ್ತಾರೆ. ಪಟ್ಟಾ ಯಾರದೆಂದು ಕೇಳುವವನು ಊರಿಗೆ ಹೊಸಬನೆಂದೇ ಅರ್ಥ. ನೀರು ಹಾಯಿಸುವವರು, ಕಳೆ ಕೀಳುವವರು, ಗೊನೆ ಕಡಿಯುವವರು ಯಾರೋ, ಹೊಲದ ಸುದ್ದಿ ಅವರಿಗೇ ಗೊತ್ತು. ಇಷ್ಟೆಲ್ಲ ತಿಳಿದಿದ್ದೂ ಅಪ್ಪ ಮಗಳು ಕೂಡಿ ಟೋಪಿ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು ಪಟ್ಟಾದಾರನ ಬಾಗಿಲು ಬಡಿದು ಬಂದಿದ್ದೆವು. ಆ ಪಾಪದ ಮನುಷ್ಯ ನಿಜವನ್ನೇ ಹೇಳಿದ್ದ, ಬೈಸಿಕೊಂಡ.

ನನಗೆ ಬರೆದವರು ಹೇಳಿದ ಪುಟದಲ್ಲಿ ವಿಳಾಸ ಹಾಕಿದೆ. ಮೊದಲು ಒಂದು ನಂಬರು ಬಂತು, ಪ್ರತಿ ಜಾಲಕ್ಕೂ ಹಾಗೊಂದು ಇರುತ್ತದಂತೆ. ಅದನ್ನು ಹಿಡಿದು ಹುಡುಕಿದರೆ ಲಾತೂರಿನ ಒಂದು ಸಣ್ಣ ಕಂಪನಿ, ಟಿವಿಯ ಕೇಬಲ್ಲಿನ ಜೊತೆಗೆ ಮನೆ ಅಂಗಡಿಗಳಿಗೆ ಇಂಟರ್ನೆಟ್ ಕೊಡುವವರು. ಲಾತೂರು! ಕಲಬುರಗಿಯಿಂದ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಮುಟ್ಟುವ ಊರು.

ಸಾರುವವರು ಬದಲಾಗುತ್ತಲೂ ಇರುತ್ತಾರೆ, ಇಂದು ಇದ್ದವರೇ ಅಂದು ಇದ್ದರೆಂದು ನಂಬಬಾರದು ಎಂದು ನಾನು ಯೋಚಿಸಿಯೂ ಇರಲಿಲ್ಲ. ನನಗೆ ಬರೆದವರು ಯೋಚಿಸಿದ್ದರು. ಹಿಂದಿನ ದಿನಗಳ ಸಾರಿಕೆಯನ್ನು ಕೂಡಿಡುವ ಒಂದು ಸಂಗ್ರಹವನ್ನು ಹೊಕ್ಕು, ನನ್ನ ಅಕ್ಕನ ಈಮೇಲ್ ಹೊರಟ ದಿನವೂ ಆ ವಿಳಾಸವನ್ನು ಲಾತೂರಿನವರೇ ಸಾರುತ್ತಿದ್ದರೆಂದು ಖಾತ್ರಿ ಮಾಡಿ, ಸಂಜೆ ಇನ್ನೊಂದು ಈಮೇಲ್ ಕಳಿಸಿದರು. ಕೊನೆಗೆ ಒಂದು ಬುದ್ಧಿಮಾತೂ ಇತ್ತು. ಗಿರಾಕಿಯ ಹೆಸರು, ಮನೆ ಲಾತೂರಿನವರು ಕೊಡುವುದಿಲ್ಲ, ಕೊಡಲೂಬಾರದು. ನೀವು ಅದನ್ನು ಕೇಳಬೇಡಿ. ನಿಮ್ಮ ಮಾತನ್ನು ಅಲ್ಲಿಗೆ ಮುಟ್ಟಿಸಲು ಕೇಳಿ.

ಮನೆಗೆ ಹೋಗಿ ಅಪ್ಪನಿಗೆ ಬಿಡಿಸಿ ಹೇಳಿದೆ. ಅವನು ಕೆಂಡವಾದ.

"ಪಟ್ಟಾ ಒಬ್ಬರದು, ಮಾಡೋರು ಒಬ್ಬರು ಅಂತ ಮೊದಲ ಹೇಳಾಕ ಏನಾಗಿತ್ತು ನಿನಗ? ಆ ಸಾಹೇಬ ಹೇಳಿದ್ದೂ ಅದನ್ನೇ ಅಲ್ಲೇನು? ಸುಮ್ಮನ ಅವನ ಮ್ಯಾಲ ಹರಿಹಾಯ್ದೆ ನಾ."

ಒಳಗಿನಿಂದ ಅವ್ವ ನಕ್ಕಳು. ಬಹಳ ದಿನದ ಮೇಲೆ ಅವಳ ನಗು ಕೇಳಿದ್ದು. "ಲಾತೂರ ಭಾಳ ಸನೇ ಅದ" ಎಂದಳು.

ಮರುದಿನ ಸೆಂಟರಿನಿಂದ ಲಾತೂರಿಗೆ ಫೋನ್ ಮಾಡಿದೆ. ಎತ್ತಿದ ಹೆಂಗಸು ಮರಾಠಿಯವರು, ನಾನು ಹಿಂದಿಯಲ್ಲಿ ತಡವರಿಸಿದೆ. ಅವ್ವನ ಗಡ್ಡೆಯ ಸಂಗತಿ ಹೇಳಿ, ಸೆಂಟರಿನ ನಂಬರು ಕೊಟ್ಟು, ಹೆಸರು ಬೇಡ, ಮನೆ ಬೇಡ, ಒಂದು ಮಾತು ಮುಟ್ಟಿಸಿ ಸಾಕು ಎಂದೆ. ಆಕೆ, ಆ ವಿಳಾಸ ಒಂದೇ ಮನೆಯದಲ್ಲ, ತಮ್ಮ ಲೈನಿನ ನೆಟ್ ಸೆಂಟರುಗಳೆಲ್ಲ ಅದರ ಹಿಂದೆಯೇ ಇವೆ ಎಂದರು. ಆಮೇಲೆ ಆಕೆಯೇ, ಎಲ್ಲರಿಗೂ ಫೋನ್ ಮಾಡುತ್ತೇನೆ, ಕನ್ನಡ ಮಾತಾಡುವ ಹೆಂಗಸು ಯಾರೇ ಬರಲಿ, ಕಮಲಾಪುರದ ತಾಯಿಗೆ ಆಪರೇಷನ್ ಇದೆ, ಮಗಳಿಗಾಗಿ ಕಾಯುತ್ತಿದ್ದಾಳೆ ಎಂದು ಹೇಳಲು ಹೇಳುತ್ತೇನೆ ಎಂದರು. ತಮ್ಮ ತಾಯಿಗೂ ಆದದ್ದು ಅದೇ ಆಪರೇಷನ್ ಎಂದು ಸೇರಿಸಿದರು.

ಲಾತೂರಿನಲ್ಲಿ ಕನ್ನಡದ ಹೆಂಗಸರಿಗೆ ಬರವೇ? ಮೊದಲು ಬಂದ ಫೋನು ಆಳಂದ ಕಡೆಯಿಂದ ಅಲ್ಲಿಗೆ ಮದುವೆಯಾಗಿ ಹೋದ ಒಬ್ಬಾಕೆಯದು.

"ನಾ ನಿಮ್ಮಕ್ಕ ಅಲ್ಲರೀ. ಸೆಂಟರಿನ್ಯಾಗ ಹೇಳಿದ್ರು, ಕೇಳಿ ಜೀವ ತಡೀಲಿಲ್ಲ. ಅವ್ವಾರು ಹ್ಯಾಂಗಿದ್ದಾರ? ನಾ ಇಲ್ಲಿ ಬಾಜಾರದಾಗ ಕೇಳ್ತೀನ್ರೀ. ನಮ್ಮ ಮಾತು ಆಡೋರು ಇಲ್ಲಿ ಒಬ್ಬರಿಗೊಬ್ಬರು ಗೊತ್ತಿರ್ತಾರ."

ಯಾರೆಂದು ಗೊತ್ತಿಲ್ಲದ ನನ್ನವ್ವನಿಗಾಗಿ ಅವರು ಕಾಯಿಪಲ್ಯೆ ಬಾಜಾರದಲ್ಲಿ ನಿಂತು ವಿಚಾರಿಸಿದರು. ಹಾಗೆ ವಿಚಾರಿಸುತ್ತ ಒಂದು ದಿನ ಅಕ್ಕನನ್ನೇ ಹಿಡಿದರು. ಬೆಳಿಗ್ಗೆ ಕ್ಲಾಸು ನಡೆದಾಗ ಫೋನ್ ಬಂತು. ಆ ಕಡೆ ಬರೀ ಉಸಿರು.

"ಅಕ್ಕಾ?"

"ಅವ್ವ ಇದ್ದಾಳೇನು?" ಎಂದಳು ಅಕ್ಕ. ಎಷ್ಟು ಅಂಜಿಕೊಂಡು ಆ ಮಾತು ಕೇಳಿದಳೆಂದರೆ ನನಗೆ ಬೈಯಬೇಕೆಂದು ಕೂಡಿಟ್ಟದ್ದೆಲ್ಲ ಮರೆತೇ ಹೋಯಿತು.

"ಇದ್ದಾಳ. ನಿನ್ನ ಹಾದಿನೇ ನೋಡಾಕತ್ತಾಳ. ಅಷ್ಟ ಈಮೇಲ್ ಹಾಕಿದೆ, ಒಂದರ ನೋಡಬಾರದಾ?"

"ಬೈದು ಬರದಿರ್ತೀರಿ ಅಂತ ಅಂಜಿ ತಗೀಲೇ ಇಲ್ಲವ್ವ. ಅಪ್ಪ ಏನರ ಬರಿಸಿದ್ರ ನಾ ಹ್ಯಾಂಗ ಓದ್ಲಿ?"

"ಅಪ್ಪ ನಿನ್ನ ಹುಡುಕ್ಕೊಂಡು ಹೈದರಾಬಾದಿಗೆ ಹೋಗಿ ಬಂದಾನ."

ಅವಳು ಅಲ್ಲೇ, ಆ ಎಸ್‌ಟಿಡಿ ಬೂತಿನಲ್ಲೇ ಗೋಳೋ ಎಂದು ಅತ್ತಳು. ಇಲ್ಲಿ ನಾನೂ ಅತ್ತೆ. ಸಮಾಧಾನವಾದ ಮೇಲೆ ಸಣ್ಣ ದನಿಯಲ್ಲಿ, "ಇವರೂ ಬರ್ಲೇನು?" ಎಂದು ಕೇಳಿದಳು. ಬಾ ಎಂದೆ. ಇಬ್ಬರೂ ಬರ್ರಿ ಎನ್ನುವ ಧೈರ್ಯ ನನ್ನ ಬಳಿ ಇರಲಿಲ್ಲ.

ಲಾತೂರಿನ ದಾರಿ ತೋರಿಸಿದ ಆ ದೂರದ ಮನುಷ್ಯರಿಗೆ ಅಂದೇ ಬರೆದೆ. ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೃತಜ್ಞತೆ ಎಂಬ ಅರ್ಥದ ಮಾತು ಯಾವುದಿತ್ತೋ ಎಲ್ಲವನ್ನೂ ಬರೆದೆ. ಅವರು ಆಪರೇಷನ್ ಆದ ಮೇಲೆ ತಾಯಿ ಹೇಗಿದ್ದಾರೆಂದು ತಿಳಿಸಿ ಎಂದಷ್ಟೇ ಬರೆದರು. ತಿಳಿಸಿದೆ. ಅವ್ವ ಆಮೇಲೆ ಬಹಳ ವರ್ಷ ಬದುಕಿದಳು, ಗಟ್ಟಿಯಾಗಿಯೇ ಬದುಕಿದಳು, ಮೊಮ್ಮಕ್ಕಳಿಗೆ ಬೈಯುತ್ತ ತಿನ್ನಿಸುತ್ತ ಬದುಕಿದಳು. ಅದರಲ್ಲಿ ಡಾಕ್ಟರಮ್ಮನ ಕೈಯಷ್ಟೇ ಪಾಲು ಆ ಮನುಷ್ಯರದೂ ಇತ್ತು, ಲಾತೂರಿನಲ್ಲಿ ಫೋನ್ ಎತ್ತಿದ ಆಕೆಯದೂ, ಆಳಂದದ ಆಕೆಯದೂ ಇತ್ತು. ಇವರಲ್ಲಿ ಒಬ್ಬರ ಮುಖವನ್ನೂ ನಾನು ನೋಡಿಲ್ಲ. ದೇವರಿಗೆ ಕೈ ಮುಗಿಯುವಾಗ ನಾನು ಮೊದಲು ನೆನೆಯುವುದು ಇವರನ್ನೇ. ದೇವರು ಸಿಟ್ಟಾದರೆ ಆಗಲಿ.

ಆದರೆ ಅದೆಲ್ಲ ನಂತರದ ಮಾತು. ಮೊದಲು ಕಲಬುರಗಿಯ ಬಸ್ ಸ್ಟ್ಯಾಂಡ್ ದಾಟಬೇಕಿತ್ತು. ಅವ್ವನನ್ನು ಆಸ್ಪತ್ರೆಯಲ್ಲಿ ಮಲಗಿಸಿ, ಸೋದರತ್ತೆಯನ್ನು ಪಕ್ಕದಲ್ಲಿ ಕೂರಿಸಿ ಅಪ್ಪ ಮತ್ತು ನಾನು ಬಂದಿದ್ದೆವು. ಅಳಿಯನೂ ಬರಬಹುದೆಂಬ ಸಂಗತಿಯನ್ನು ನಾನು ಅಪ್ಪನಿಗೆ ಹೇಳಿರಲಿಲ್ಲ. ಹೇಳಲು ಬಾಯಿ ತೆಗೆದಾಗಲೆಲ್ಲ ಅವನ ಮುಖ ನೋಡಿ ಮುಚ್ಚಿದ್ದೆ. ಅವನಿಗೆ ಸಿಟ್ಟು ಬಂದು ಅಲ್ಲೇ ಕೂಗಾಡಿದರೆ ಅಕ್ಕ ಅದೇ ಬಸ್ಸಿಗೆ ತಿರುಗಿ ಹೋಗುವವಳು. ಹೋದರೆ ಅವ್ವ ಟೇಬಲ್ಲಿನ ಮೇಲೆ ಮಲಗುವವಳಲ್ಲ.

ಬಸ್ಸು ಬಂತು. ಅಕ್ಕ ಇಳಿದಳು, ತೆಳ್ಳಗಾಗಿದ್ದಳು. ಅಪ್ಪನನ್ನು ನೋಡಿ ಬಸ್ಸಿನ ಬಾಗಿಲ ಹತ್ತಿರವೇ ನಿಂತುಬಿಟ್ಟಳು. ಅವಳ ಹಿಂದೆ ಅವನು ಇಳಿದ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಅವ್ವನಿಗೆಂದು ತಂದ ಮೋಸಂಬಿಯ ಚೀಲ. ನಮ್ಮನ್ನು ಕಂಡು, ನಾನು ಇಲ್ಲೇ ಇರುತ್ತೇನೆ, ನೀವು ಹೋಗಿ ಬನ್ನಿ ಎಂಬಂತೆ ಎರಡು ಹೆಜ್ಜೆ ಹಿಂದೆ ಸರಿದು ಕಂಬಕ್ಕೆ ಒರಗಿ ನಿಂತ. ಕಂಡಕ್ಟರ್ ಊರುಗಳ ಹೆಸರು ಕೂಗುತ್ತಿದ್ದ.

ಅಪ್ಪ ಅಕ್ಕನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಅವಳನ್ನು ದಾಟಿ ಮುಂದೆ ಹೋದ. ಕಂಬದ ಹತ್ತಿರ ನಿಂತು, ಅವನ ಕೈಯಿಂದ ಬ್ಯಾಗು ತೆಗೆದುಕೊಂಡ.

"ಇಲ್ಯಾಕ ನಿಂತೀರಿ? ನಡೀರಿ, ನಿಮ್ಮತ್ತಿ ಮುಂಜಾನಿಂದ ಹಾದಿ ಕಾಯಾಕತ್ತಾಳ."